ಮೊದಲ ಪಾಠದ ಕಾಕಾ

ಬೆಳಗಾವಿಯ ಪ್ರತಿ ಓಣಿಯಲ್ಲೂ ಒಬ್ಬ ಮಾಜಿ ಪೈಲವಾನ, ಒಬ್ಬ ಹವ್ಯಾಸಿ ಜ್ಯೋತಿಷಿ, ಯಾವ ಅಂಗಡಿಯ ಕುಂದಾ ಯಾವ ವರ್ಷದಿಂದ ಕೆಟ್ಟಿತು ಎಂದು ಕರಾರುವಾಕ್ಕಾಗಿ ಹೇಳಬಲ್ಲ ಒಬ್ಬ ಪರಿಣತ ಇರುತ್ತಾರಲ್ಲ, ಅವರ ಜೊತೆಗೆ ಒಬ್ಬ ಮೊದಲ ಪಾಠದ ಕಾಕಾ ಕೂಡ ಇದ್ದೇ ಇರುತ್ತಾರೆ. ನಮ್ಮ ಓಣಿಯವರ ಹೆಸರು ನಾನು ಹೇಳುವುದಿಲ್ಲ. ಹೇಳದಿದ್ದರೂ ಟಿಳಕವಾಡಿಯವರು ಶಹಾಪುರದ ಯಾರನ್ನೋ, ಶಹಾಪುರದವರು ಅನಗೋಳದ ಯಾರನ್ನೋ ನೆನೆಸಿಕೊಂಡು ನಗುತ್ತಾರೆ. ಅನಗೋಳದವರು ತಮ್ಮ ಮನೆಯ ನಡುಮನೆಯತ್ತ ಒಮ್ಮೆ ನೋಡಿ ಸುಮ್ಮನಾಗುತ್ತಾರೆ.

ಈ ಕಾಕಾನ ಕಸುಬು ಹೊಸ ಭಾಷೆ ಶುರು ಮಾಡುವುದು. ಮುಗಿಸುವುದು ಅವರ ಖಾತೆಗೆ ಬರುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಮೇಲೆ ಬಿ.ಪಿ. ಗುಳಿಗೆ, ಮುಂಜಾನೆಯ ವಾಕಿಂಗ್ ಮತ್ತು ಭಾಷೆ ಈ ಮೂರೂ ಒಟ್ಟಿಗೇ ಅಂಟಿಕೊಂಡವು. ಭಾಷೆ ಎಂದರೆ ಮನುಷ್ಯರದೇ ಆಗಬೇಕೆಂದಿಲ್ಲ. ಜಪಾನಿ, ಸ್ಪ್ಯಾನಿಷ್, ತುಳು, ಬಂಗಾಳಿ ಹೇಗೋ ಹಾಗೆ ಸಿ, ಜಾವಾ, ಪೈಥಾನ್, ರಸ್ಟ್. "ಮನಿಷ್ಯಾ ಆಗ್ಲಿ ಮಷೀನ ಆಗ್ಲಿ, ಅದರ ಮಾತು ನಮಗ ತಿಳೀಲಿಲ್ಲಂದ್ರ ಮುಖಾ ತಿರುವತೈತಿ. ಫರಕ ಏನೈತಿ ತಮ್ಮಾ?" ಎನ್ನುತ್ತಾರೆ.

ಗುರುತು ಹಿಡಿಯುವುದು ಸುಲಭ. ಗೋಡೆಯ ಮಾಡದಲ್ಲಿ 200 ಪುಟದ ನೋಟುಬುಕ್ಕುಗಳು ಸಾಲಾಗಿ ನಿಂತಿರುತ್ತವೆ. ಎಲ್ಲಕ್ಕೂ ಖಾಕಿ ಕಾಗದದ ಹೊದಿಕೆ, ಮೇಲೊಂದು ಲೇಬಲ್, ಲೇಬಲ್ಲಿನ ಮೂಲೆಗೆ ಕುಂಕುಮ. ಒಳಗೆ ಮೊದಲ ಏಳೆಂಟು ಪುಟ ಮುತ್ತು ಪೋಣಿಸಿದ ಅಕ್ಷರ, ಕೆಂಪು ಮಸಿಯಲ್ಲಿ ತಲೆಬರಹ, ಹಸಿರು ಮಸಿಯಲ್ಲಿ ಅಡಿಗೆರೆ. ಮುಂದಿನದು ಅವರ ಹೆಂಡತಿ ಕಾಕೂನ ಆಡಳಿತ. ಜಪಾನಿ ಪುಸ್ತಕದಲ್ಲಿ ಹಿರಗಾನಾ ಅಕ್ಷರಮಾಲೆ ಮುಗಿದ ಪುಟದ ಬೆನ್ನಿಗೇ "ಸೋಮವಾರ ಒಂದು ಲೀಟರ್, ಮಂಗಳವಾರ ಹಾಲು ಬಂದಿಲ್ಲ" ಎಂದಿರುತ್ತದೆ. ಜಾವಾ ಪುಸ್ತಕದಲ್ಲಿ ಇಸ್ತ್ರಿಯವನ ಲೆಕ್ಕ. ರಸ್ಟ್ ಎಂದು ಬರೆದ ಪುಸ್ತಕದಲ್ಲಿ ಕಾಕೂ ಹಳೇ ಪಾತ್ರೆ, ಮೋಡಕಾ ಮಾರಿದ ಲೆಕ್ಕ ಇಟ್ಟಿದ್ದಾರೆ. ಅದನ್ನು ಬೇಕೆಂದೇ ಮಾಡಿದರೋ, ತಾನಾಗಿ ಕೂಡಿ ಬಂತೋ, ಕೇಳುವ ಧೈರ್ಯ ನನಗಾಗಿಲ್ಲ.

ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರು ಭಾಷೆ ಕಲಿಯಲಿಕ್ಕೆ ನೋಟುಬುಕ್ಕು ಕೊಳ್ಳುವುದೇ ಒಂದು ಸೋಜಿಗ. ಖಡೇಬಜಾರಿನ ಯಾವುದೇ ಬಟ್ಟೆ ಅಂಗಡಿಯೆದುರು ಸ್ವಲ್ಪ ಹೊತ್ತು ನಿಲ್ಲಿ. ಗಲ್ಲೆಯ ಮೇಲೆ ಕೂತವನು ಬೈಲಹೊಂಗಲದಿಂದ ಬಂದವರಿಗೆ "ಬರ್ರಿ ಅಕ್ಕಾರ, ಇಳಕಲ್ ತೋರಸ್ಲೇನು?" ಎನ್ನುತ್ತಾನೆ. ಆ ಮಾತು ಮುಗಿಯುವುದರೊಳಗೆ ಚಂದಗಡದ ಕಡೆಯವರಿಗೆ "ಯಾ ವಹಿನಿ, ಬಸಾ" ಎಂದಾಗಿರುತ್ತದೆ. ಅಟ್ಟದ ಮೇಲಿನಿಂದ ಗಂಟು ಇಳಿಸುವ ಹುಡುಗನಿಗೆ ದಖನಿಯಲ್ಲಿ ಬೈಗುಳ, ಮರಾಠಾ ಲೈಟ್ ಇನ್ಫಂಟ್ರಿ ಕೇಂದ್ರದಿಂದ ರಜೆಯ ಮೇಲೆ ಊರಿಗೆ ಹೊರಟ ಜವಾನನಿಗೆ ಹಿಂದಿಯಲ್ಲಿ ಸಲಾಮು, ಗೋವಾದಿಂದ ಖರೀದಿಗೆ ಬಂದವರಿಗೆ ಕೊಂಕಣಿಯಲ್ಲಿ ಕುಶಲ ಮತ್ತು ಇಂಗ್ಲಿಷಿನಲ್ಲಿ ದರ. ಗಡಿಯ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಗಲ್ಲೆಯ ಮೇಲಿನವನಿಗೆ ಇವೆರಡೂ ಗೊತ್ತು. ಆದರೆ ಗಿರಾಕಿ ಬಾಗಿಲಿಗೆ ಬಂದಾಗ ಅವನು ಮೊದಲು ನೋಡುವುದು ಸೀರೆಯ ನಿರಿಗೆ ಯಾವ ಕಡೆಯದು ಎಂದು.

ಕಾಕಾಗೆ ಇದು ಸುತರಾಂ ಒಪ್ಪಿಗೆಯಿಲ್ಲ. "ಅವ ಮಾತಾಡತಾನ, ಖರೆ. ಆದ್ರ ಅವನಿಗೆ ಭಾಷಾ ಬರಂಗಿಲ್ಲ. ಷಷ್ಠೀ ವಿಭಕ್ತಿ ಅಂದ್ರೇನು ಕೇಳ್ರಿ ನೋಡೋಣು."

ನಾನು ಕೇಳಿಲ್ಲ. ಕೇಳಿದ್ದರೆ ಆತ ಎಷ್ಟು ಮೀಟರ್ ಬೇಕು ಎನ್ನುತ್ತಿದ್ದ.

ಕಾಕಾನ ಪದ್ಧತಿಗೆ ಒಂದು ಇತಿಹಾಸವಿದೆ. ಕಪಿಲ್ ದೇವ್ ಜಾಹೀರಾತಿನಲ್ಲಿ ನಗುತ್ತಿದ್ದ ರ‍್ಯಾಪಿಡೆಕ್ಸ್ ಇಂಗ್ಲಿಷ್ ಪುಸ್ತಕದಿಂದ ಶುರುವಾಗಿ, ಬಸ್ ಸ್ಟ್ಯಾಂಡಿನಲ್ಲಿ ಮಾರುವ "30 ದಿನಗಳಲ್ಲಿ ತಮಿಳು", "30 ದಿನಗಳಲ್ಲಿ ತೆಲುಗು"ಗಳವರೆಗೆ ಅವರ ಯೌವನ ಕಳೆಯಿತು. ಮೂವತ್ತು ದಿನದ ಪುಸ್ತಕಗಳಲ್ಲಿ ಅವರು ಒಂದನೆಯ ದಿನವನ್ನು ಹಲವು ಸಲ ಬದುಕಿದ್ದಾರೆ. ಈಗ ಪದ್ಧತಿ ಪಕ್ವವಾಗಿದೆ. ಹೊಸ ಭಾಷೆ ಶುರು ಮಾಡಲು ಗುರುವಾರ ಆಗಬೇಕು, ರಾಹುಕಾಲ ಇರಬಾರದು. ಪೆನ್ನು ಹೊಸದಿರಬೇಕು, ಜರ್ಮನ್ ಕಲಿತ ಪೆನ್ನಿನಿಂದ ತುಳು ಬರೆದರೆ ಮೈಲಿಗೆ. ಮೊದಲ ದಿನ ಅಕ್ಷರ, ಎರಡನೆಯ ದಿನ ಅಂಕಿ, ಮೂರನೆಯ ದಿನ "ಇದು ನನ್ನ ಮನೆ, ಅದು ನಿಮ್ಮ ಮನೆ." ನಾಲ್ಕನೆಯ ದಿನ ಆ ಭಾಷೆಯ ಬಗ್ಗೆ ಓಣಿಗೆಲ್ಲ ಉಪನ್ಯಾಸ. ಐದನೆಯ ದಿನದಿಂದ ಮುಂದಿನ ಗುರುವಾರದ ಹುಡುಕಾಟ.

ಉಪನ್ಯಾಸಗಳು ಮಾತ್ರ, ಸುಳ್ಳು ಯಾಕೆ ಹೇಳಲಿ, ಕೇಳುವಂತಿರುತ್ತವೆ. ಎರಡೂ ಜಾತಿಯ ಭಾಷೆಗಳ ಹೊಸ್ತಿಲು ತುಳಿದವರಾದ್ದರಿಂದ ಹೊಸ್ತಿಲ ಮೇಲೆ ನಿಂತವರಿಗೆ ಮಾತ್ರ ಕಾಣುವ ಕೆಲವು ಸಂಗತಿಗಳು ಅವರಿಗೆ ಕಾಣುತ್ತವೆ. ಒಂದು ದಿನ ಕಟ್ಟೆಯ ಮೇಲೆ ಕೂತು ಹೇಳಿದರು:

"ನೋಡು ತಮ್ಮಾ, ಮರಾಠಿ ಅನ್ನೂದು ಜಾವಾ. ಜಾವಾದಾಗ ಯಾವುದರೆ ಒಂದು ಹೆಸರು ಇಡಬೇಕಾದ್ರ ಮೊದಲ ಅದರ ಜಾತಿ ಹೇಳಬೇಕು. ಇದು ಪೂರ್ಣಾಂಕ, ಇದು ಅಕ್ಷರ ಅಂತ. ಮರಾಠಿನೂ ಹಂಗs. ಖುರ್ಚಿ ಅಂದ್ರ 'ತೀ', ಹೆಣ್ಣು. ಪಂಖಾ ಅಂದ್ರ 'ತೋ', ಗಂಡು. ಟೇಬಲ್ ಅಂದ್ರ 'ತೇ', ಎರಡೂ ಅಲ್ಲ. ಮೊದಲ ಡಿಕ್ಲೇರ್ ಮಾಡ್ರಿ, ಆಮ್ಯಾಲ ಕೂಡ್ರಿ. ನಮ್ಮ ಕನ್ನಡ ಪೈಥಾನ್. ಖುರ್ಚಿನೂ 'ಅದು', ಪಂಖಾನೂ 'ಅದು', ಟೇಬಲ್ಲೂ 'ಅದು'. ಕೇಳಾವ್ರು ಯಾರೂ ಇಲ್ಲ."

ಜಾವಾ 1995ರಲ್ಲಿ ಹೊರಬಂತು, ಪೈಥಾನ್ 1991ರಲ್ಲಿ. ಕನ್ನಡ, ಮರಾಠಿಗಳ ವಯಸ್ಸನ್ನು ಇದರ ಪಕ್ಕ ಇಟ್ಟು ನೋಡಿದರೆ ಯಾರು ಯಾರಂತಿದ್ದಾರೆ ಎಂಬುದನ್ನು ತಿರುವಿ ಹೇಳಬೇಕಾಗುತ್ತದೆ. ಆದರೆ ಕಾಕಾನ ಓಟಕ್ಕೆ ಅಡ್ಡ ಹೋಗಬಾರದು.

ಇನ್ನೊಂದು ಸಲ ಅವರು ಫೋರ್ಥ್ ಎಂಬ ಭಾಷೆ ಹಿಡಿದುಕೊಂಡು ಬಂದರು. ಚಾರ್ಲ್ಸ್ ಮೂರ್ ಎಂಬಾತ 1970ರ ಸುಮಾರಿಗೆ ಕಟ್ಟಿದ್ದು. ಅದರಲ್ಲಿ ಎರಡು ಮತ್ತು ಮೂರನ್ನು ಕೂಡಿಸಬೇಕಾದರೆ "2 3 +" ಎಂದು ಬರೆಯಬೇಕು. ಮೊದಲು ಸಾಮಾನು, ಕೊನೆಗೆ ಕೆಲಸ. ಕಾಕಾನ ಕಣ್ಣು ತುಂಬಿ ಬಂದವು. "ಇದು ಕನ್ನಡ ಅಲ್ಲೇನೋ! ಎರಡಕ್ಕ ಮೂರು ಕೂಡಸು. ಕ್ರಿಯಾಪದ ಕಡೀಕ. ಇಂಗ್ಲಿಷಿನಾವ್ರು ಮೊದಲ 'ತಿಂದೆ' ಅಂತಾರ, ಆಮ್ಯಾಲ ಏನು ತಿಂದೆ ಅಂತಾರ. ನಾವು ಹೋಳಗಿ, ತುಪ್ಪ ಎಲ್ಲಾ ಬಡಿಸಿಕೊಂಡು ಆಮ್ಯಾಲ ತಿಂತೀವಿ." ಫೋರ್ಥ್‌ನಲ್ಲಿ ಕ್ರಿಯೆ ಬರುವ ತನಕ ಸಾಮಾನನ್ನೆಲ್ಲ ಒಂದರ ಮೇಲೊಂದು ಪೇರಿಸಿ ಹಿಡಿದುಕೊಳ್ಳಬೇಕು, ಅದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಕಾಕಾ ಹೇಳುವ ಕಥೆಗಳೂ ಇದೇ ಧಾಟಿಯವು. 1983ರಲ್ಲಿ ತಾವು ರಾಮದುರ್ಗಕ್ಕೆ ವರ್ಗವಾದಾಗ ಸಾಮಾನು ಸಾಗಿಸಿದ ಲಾರಿ, ಲಾರಿಯ ಡ್ರೈವರು, ಡ್ರೈವರನ ಅಳಿಯ, ಅಳಿಯನ ಎಮ್ಮೆ ಎಂದು ಒಂದರ ಮೇಲೊಂದು ಪೇರಿಸುತ್ತ ಹೋಗುತ್ತಾರೆ. ಏನಾಯಿತು ಎಂಬ ಕ್ರಿಯಾಪದ ಬರುವ ಹೊತ್ತಿಗೆ ಕಾಕೂ ಊಟಕ್ಕೆ ಕರೆದಿರುತ್ತಾರೆ.

ಒಂದು ಕಾಲಕ್ಕೆ ಜ್ಞಾನಪೀಠದ ಪಟ್ಟಿಯೂ ಅವರ ತಲೆ ಹೊಕ್ಕಿತ್ತು. 1973ರಲ್ಲಿ ಬೇಂದ್ರೆ, ಮನೆಮಾತು ಮರಾಠಿ. 1983ರಲ್ಲಿ ಮಾಸ್ತಿ, ಮನೆಮಾತು ತಮಿಳು. 1998ರಲ್ಲಿ ಕಾರ್ನಾಡ, ಮನೆಮಾತು ಕೊಂಕಣಿ. ಇದರಿಂದ ಕಾಕಾ ತೆಗೆದ ಅನುಮಿತಿ: ಕನ್ನಡದಲ್ಲಿ ದೊಡ್ಡದೇನಾದರೂ ಮಾಡಬೇಕಾದರೆ ಮನೆಯಲ್ಲಿ ಕನ್ನಡ ಆಡಬಾರದು. ಕುವೆಂಪು, ಕಾರಂತ, ಕಂಬಾರರ ಹೆಸರು ತೆಗೆದರೆ "ಅವರದು ಬ್ಯಾರೇ" ಎಂದುಬಿಟ್ಟರು. ಮರುದಿನದಿಂದ ಕಾಕೂ ಜೊತೆ ಕೊಂಕಣಿ. ಕೊಂಕಣಿಯನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಪರ್ಸೋ-ಅರಬಿ ಹೀಗೆ ಐದು ಲಿಪಿಗಳಲ್ಲಿ ಬರೆಯುತ್ತಾರೆಂದು ತಿಳಿದ ಕೂಡಲೇ ಐದು ನೋಟುಬುಕ್ಕು ತಂದರು. ಆ ವರ್ಷ ಕಾಕೂಗೆ ಹಾಲಿನ ಲೆಕ್ಕಕ್ಕೆ ಕಾಗದದ ಕೊರತೆ ಬೀಳಲಿಲ್ಲ.

ಮೊಬೈಲ್ ಬಂದ ಮೇಲೆ ಮನೆಗೆ ಒಂದು ಹಸಿರು ಗೂಬೆ ಬಂತು. ಭಾಷೆ ಕಲಿಸುವ ಆ್ಯಪ್. ದಿನವೂ ಪಾಠ ಮಾಡಿದರೆ ಬೆಂಕಿಯ ಚಿತ್ರ ಉರಿಯುತ್ತದೆ, ತಪ್ಪಿಸಿದರೆ ಗೂಬೆ ಅಳುತ್ತದೆ. ರಾತ್ರಿ ಹತ್ತಾದರೂ ಪಾಠ ಆಗಿಲ್ಲವೆಂದರೆ ಸದ್ದು ಮಾಡಿ ನೆನಪಿಸುತ್ತದೆ. ಕಾಕೂ ಮೊದಲ ಸಲ ಅದರ ಮುಖ ನೋಡಿದ್ದು ಅಂಥದೊಂದು ರಾತ್ರಿ, ಕಾಕಾನ ದಿಂಬಿನ ಪಕ್ಕದಲ್ಲಿ.

"ಅಯ್ಯ ಶಿವನ! ಮನ್ಯಾಗ ಗೂಬಿ ಹೊಕ್ಕತಿ. ಅದೂ ಹಾಸಿಗಿ ತನಾ ಬಂದತಿ" ಎಂದು ಕೂಗಿದರು. ಗೂಬೆ ಹೊಕ್ಕ ಮನೆ ಬಿಡಬೇಕು, ಇಲ್ಲವೇ ಶಾಂತಿ ಮಾಡಿಸಬೇಕು. ಕಾಕಾ ಅದು ಗೂಬೆಯಲ್ಲ, ಸ್ಪ್ಯಾನಿಷ್ ಮಾಸ್ತರು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನ ಆಚಾರ್ಯರನ್ನು ಕರೆಸಿದರು. ಆಚಾರ್ಯರು ಮೊಬೈಲನ್ನು ಅತ್ತಿತ್ತ ತಿರುಗಿಸಿ ನೋಡಿ, ಗೂಬೆ ಪರದೆಯೊಳಗಿದ್ದರೆ ದೋಷ ಅರ್ಧ ಎಂದು ತೀರ್ಪು ಕೊಟ್ಟು, ಅರ್ಧ ದಕ್ಷಿಣೆ ತೆಗೆದುಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ಮೊಮ್ಮಗ ಬರ್ಲಿನ್ನಿಗೆ ಹೋಗುವವನಿದ್ದಾನೆ, ಇದರಲ್ಲಿ ಜರ್ಮನ್ ಇದೆಯೇ ಎಂದು ಮೆಲ್ಲಗೆ ವಿಚಾರಿಸಿದರಂತೆ.

ಕಂಪ್ಯೂಟರ್ ಭಾಷೆಗಳಿಗೆ ಅವರ ಗುರು ತಮ್ಮನ ಮಗ. ಎಂಜಿನಿಯರಿಂಗ್ ಓದುವ ಹುಡುಗ. ಅವನ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರುವುದು ಖಾನಾಪುರ ರಸ್ತೆಯ ಮಚ್ಛೆಯಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ. ಬಸ್ಸು ಅದರ ಮುಂದೆ ಹಾದಾಗಲೆಲ್ಲ ಕಾಕಾ ಕೈ ಮುಗಿಯುತ್ತಾರೆ, ಹುಡುಗ ಕಣ್ಣು ಮುಚ್ಚುತ್ತಾನೆ. ಸಿ ಭಾಷೆಯ ಬಗ್ಗೆ ಕರ್ನಿಘನ್ ಮತ್ತು ರಿಚ್ಚಿ 1978ರಲ್ಲಿ ಬರೆದ ಪುಸ್ತಕದ ಮೊದಲ ಪ್ರೋಗ್ರಾಮು ಪರದೆಯ ಮೇಲೆ "ಹಲೋ, ವರ್ಲ್ಡ್" ಎಂದು ಮೂಡಿಸುವುದು. ಅಂದಿನಿಂದ ಯಾವ ಭಾಷೆ ಬರಲಿ, ಮೊದಲ ಪಾಠ ಅದೇ ಎಂಬ ರೂಢಿ ಬಿದ್ದಿದೆ. ಈ ರೂಢಿ ಹಾಕಿದವರು ಕಾಕಾನನ್ನು ಕಂಡಿದ್ದರೋ ಏನೋ. ಹುಡುಗ ಎಷ್ಟು ಭಾಷೆ ತೋರಿಸಿದನೋ ಅಷ್ಟರಲ್ಲೂ ಕಾಕಾ "ನಮಸ್ಕಾರ ಬೆಳಗಾವಿ" ಎಂದು ಅಚ್ಚು ಹಾಕಿಸಿದರು. ಟರ್ಬೊ ಸಿಯ ನೀಲಿ ಪರದೆಯಲ್ಲಿ ಕನ್ನಡ ಮೂಡದೆ ಚೌಕ, ಕೊಂಬು, ಬಾಲಗಳು ಮೂಡಿದವು. ಕಾಕಾ ಅದಕ್ಕೂ ನಮಸ್ಕಾರ ಹೇಳಿದರು.

ಪೈಥಾನ್ ಮಾತ್ರ ಅವರನ್ನು ಒಂದು ವಾರ ಪೂರ್ತಿ ಹಿಡಿದಿಟ್ಟಿತು. ಅದರ ಮೂರನೆಯ ಆವೃತ್ತಿ 2008ರಲ್ಲಿ ಬಂದಾಗಿನಿಂದ ಚರಾಂಶಗಳಿಗೆ ಕನ್ನಡದಲ್ಲೇ ಹೆಸರಿಡಬಹುದು: ಹಾಲು, ದರ, ಬಾಕಿ. ಉದ್ಧರಣ ಚಿಹ್ನೆಯ ನಡುವೆ ಕನ್ನಡ ಅಂಕಿಯಲ್ಲಿ "೧೨" ಎಂದು ಬರೆದು ಇಂಟ್ ಎಂಬ ಫಂಕ್ಷನ್ನಿಗೆ ಕೊಟ್ಟರೆ ಅದು ಹನ್ನೆರಡು ಎಂದು ಸರಿಯಾಗಿ ತಿಳಿಯುತ್ತದೆ. ಅದೇ ೧೨ನ್ನು ಚಿಹ್ನೆಯಿಲ್ಲದೆ ಪ್ರೋಗ್ರಾಮಿನ ನಡುವೆ ನೇರವಾಗಿ ಬರೆದರೆ ಸಿಂಟ್ಯಾಕ್ಸ್ ಎರರ್. ಹುಡುಗನಿಗೆ ಇದು ಯಾಕೆ ಹೀಗೆ ಎಂದು ವಿವರಿಸಲು ಬರಲಿಲ್ಲ. ಕಾಕಾಗೆ ಮೂವತ್ತೈದು ವರ್ಷದ ನೌಕರಿಯ ಅನುಭವವಿತ್ತು. "ಅದರಾಗ ಏನೈತಿ? ಅರ್ಜಿಯೊಳಗ ಬರದುಕೊಟ್ರ ಕನ್ನಡ ನಡೀತೈತಿ. ಎದುರಿಗೆ ನಿಂತು ಮಾತಾಡಿದ್ರ ನಡ್ಯಾಂಗಿಲ್ಲ" ಎಂದರು.

ಆ ವಾರವೇ ಅವರು ವಡಗಾಂವಿಗೆ ಹೋಗಿ ಅಲ್ಲಿಯ ಹಳೇ ಸ್ನೇಹಿತರಾದ ನೇಕಾರರಿಗೂ ಪೈಥಾನ್ ಬೋಧಿಸಬೇಕೆಂದು ಹೊರಟರು. ನಾನೂ ತಮ್ಮನ ಮಗನೂ ಜೊತೆಗಿದ್ದೆವು. ಮಗ್ಗದ ಖಟ್ ಖಟ್ ಸದ್ದಿನಲ್ಲಿ ಬೋಧನೆ ಕೇಳಿಸುತ್ತಿರಲಿಲ್ಲ, ಅದೊಂದು ಅನುಕೂಲ. ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಕೂತಿತ್ತು. ತೂತು ಕೊರೆದ ಉದ್ದುದ್ದ ರಟ್ಟುಗಳು, ಒಂದಕ್ಕೊಂದು ಹೊಲಿದ ಮಾಲೆಯಾಗಿ, ಒಂದೊಂದೇ ಸರಿದು ಅದರೊಳಗೆ ಹೋಗಿ ಆಚೆ ಇಳಿಯುತ್ತಿದ್ದವು. ಹೊಕ್ಕಿನ ಒಂದು ಎಳೆಗೆ ಒಂದು ರಟ್ಟು. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಫ್ರಾನ್ಸಿನ ಜಕಾರ್ಡ್ ಇದನ್ನು 1804ರ ಹೊತ್ತಿಗೆ ರೂಪಿಸಿದ. ಇಂಗ್ಲೆಂಡಿನ ಬ್ಯಾಬೇಜ್ ಇದೇ ರಟ್ಟುಗಳನ್ನು ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆಯಲು ಯೋಚಿಸಿದ. ಆ ಯಂತ್ರದ ಬಗ್ಗೆ ಏಡಾ ಲವ್‌ಲೇಸ್ 1843ರಲ್ಲಿ ಬರೆದ ಟಿಪ್ಪಣಿಗಳನ್ನು ಪ್ರೋಗ್ರಾಮಿಂಗಿನ ಮೊದಲ ಪುಟಗಳೆಂದು ಇಂದಿಗೂ ಎಣಿಸುತ್ತಾರೆ. ಈ ವಂಶಾವಳಿಯನ್ನು ತಮ್ಮನ ಮಗ ಹೇಳಿದ ಮೇಲೆ ಕಾಕಾ ಸ್ವಲ್ಪ ಮೆತ್ತಗಾದರು. ತಾವು ಕಲಿಸಲು ಬಂದದ್ದನ್ನು ಎದುರಿನವರು ಮೂವತ್ತು ವರ್ಷಗಳಿಂದ ಮಾಡುತ್ತಿದ್ದಾರೆಂದರೆ ಯಾರಾದರೂ ಮೆತ್ತಗಾಗುತ್ತಾರೆ.

"ಇದರ ಭಾಷಾ ಯಾವುದು?" ಎಂದು ಕೇಳಿದರು, ರಟ್ಟೊಂದನ್ನು ಬೆಳಕಿಗೆ ಹಿಡಿದು.

ನೇಕಾರರು ಎಳೆಯಿಂದ ಕಣ್ಣು ಕೀಳದೆ ಹೇಳಿದರು: "ಇದರದೇನ್ರೀ, ನವಿಲಿಂದು. ಆ ಕಡೀದು ಮಾವಿನಕಾಯಿದು. ಒಂದ ತೂತ ತಪ್ಪಿದ್ರ ಸೆರಗ ತುಂಬ ಕುಂಟ ನವಿಲ ಬರ್ತಾವ."

ಕಾಕಾ ಇದಕ್ಕೂ ಒಂದು ನೋಟುಬುಕ್ಕು ತರುತ್ತಾರೇನೋ ಎಂದು ನನಗೆ ಹೆದರಿಕೆಯಾಗಿತ್ತು. ತರಲಿಲ್ಲ. ಅಲ್ಲಿ ಮೊದಲ ಪಾಠ ಎಂಬುದೇ ಇರಲಿಲ್ಲ; ಕೂತರೆ ನವಿಲು ಮುಗಿಸಿಯೇ ಏಳಬೇಕಿತ್ತು.

ಎರಡನೆಯ ಪಾಠಕ್ಕೆ ಅವರೇಕೆ ಹೋಗುವುದಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಸೋಮಾರಿತನ ಖಂಡಿತ ಅಲ್ಲ. ಅಷ್ಟು ಹೊದಿಕೆ ಹಾಕುವವರು ಸೋಮಾರಿಗಳಾಗಿರುವುದಿಲ್ಲ. ಮೊದಲ ಪಾಠದಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗುವುದಿಲ್ಲ. ಎಲ್ಲರಿಗೂ ಮನೆಯಿದೆ, ಮನೆ ಮುಂದೆ ಹಸುವಿದೆ, ತಂಗಿ ಶಾಲೆಗೆ ಹೋಗುತ್ತಾಳೆ. ಎರಡನೆಯ ಪಾಠದಲ್ಲಿ ಭೂತಕಾಲ ಬರುತ್ತದೆ. ಬಾಯಿ ಬಿಟ್ಟು ಆಡಬೇಕಾಗುತ್ತದೆ, ಆಡಿದರೆ ತಪ್ಪುತ್ತದೆ, ತಪ್ಪಿದರೆ ಎದುರಿನ ಹುಡುಗ ನಗುತ್ತಾನೆ. ಜೀವಮಾನವಿಡೀ ಬೇರೆಯವರ ಕಾಗದದಲ್ಲಿ ತಪ್ಪು ಹುಡುಕಿ ಕೆಂಪು ಗೆರೆ ಎಳೆದ ಶಿರಸ್ತೇದಾರರಿಗೆ ಈ ವಯಸ್ಸಿನಲ್ಲಿ ಅದು ಸುಲಭವಲ್ಲ. ನನ್ನ ಅಂದಾಜು ಇದು. ಕಾಕೂನ ಅಂದಾಜು ಬೇರೆ: "ಅವರಿಗೆ ಖಾಕಿ ಕಾಗದದ ವಾಸನಿ ಸೇರತೈತಿ, ಅಷ್ಟs."

ಇಷ್ಟೆಲ್ಲದರ ನಡುವೆ ಕಾಕಾಗೆ ಮರಾಠಿ ಬಹಳ ಚೆನ್ನಾಗಿ ಬರುತ್ತಿತ್ತು, ಅದನ್ನು ಕಲಿಯುವವರೆಗೆ.

ಬೆಳಗಾವಿಯ ಮರಾಠಿ. ಅರ್ಧ ವಾಕ್ಯ ಕನ್ನಡದಲ್ಲಿ ಹತ್ತಿ ಅರ್ಧ ಮರಾಠಿಯಲ್ಲಿ ಇಳಿಯುವಂಥದು, ಪ್ರತಿ ಮಾತಿಗೂ ಒಂದು "ರೀ" ಸೇರಿಸಿದ್ದು. ಪು. ಲ. ದೇಶಪಾಂಡೆ ಇಲ್ಲಿಯ ರಾಣಿ ಪಾರ್ವತೀದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದವರು. ಅವರು ಬರೆದ "ರಾವಸಾಹೇಬ" ಎಂಬ ವ್ಯಕ್ತಿಚಿತ್ರದಿಂದ ಈ ಮಾತಿನ ಸೊಗಸು ಪುಣೆ, ಮುಂಬಯಿಗೂ ತಲುಪಿತು. ಇಂದಿಗೂ ಬೆಳಗಾವಿಯಲ್ಲಿ ಕಂಡವರೆಲ್ಲ ತಾವು ರಾವಸಾಹೇಬರಿಗೆ ಹತ್ತಿರದವರೆಂದೇ ಹೇಳಿಕೊಳ್ಳುತ್ತಾರೆ. ಕಾಕಾ ಈ ಮರಾಠಿಯಲ್ಲಿ ನೆಂಟಸ್ತನ ಕುದುರಿಸಿದ್ದಾರೆ, ಬಾಡಿಗೆದಾರರನ್ನು ಬಿಡಿಸಿದ್ದಾರೆ, ತರಕಾರಿಯವಳ ಜೊತೆ ಕೊತ್ತಂಬರಿಗಾಗಿ ಜಗಳಾಡಿ ಗೆದ್ದಿದ್ದಾರೆ. ಖುರ್ಚಿ, ಪಂಖಾ, ಟೇಬಲ್ ಎಲ್ಲವೂ ಅವರ ಬಾಯಲ್ಲಿ "ತೇ" ಆಗಿದ್ದವು. ಯಾರೂ ಬೇಸರ ಮಾಡಿಕೊಂಡಿರಲಿಲ್ಲ.

ಒಂದು ಗುರುವಾರ ಲೇಬಲ್ಲಿನ ಮೇಲೆ "ಮರಾಠಿ" ಎಂದು ಬರೆದರು. ಅಲ್ಲಿಗೆ ಮುಗಿಯಿತು. ಈಗ ಪ್ರತಿ ನಾಮಪದದ ಮುಂದೆ ನಿಲ್ಲುತ್ತಾರೆ, ಅದರ ಲಿಂಗ ವಿಚಾರಿಸುತ್ತಾರೆ, ಖಾತ್ರಿಯಾದ ಮೇಲೆ ಮುಂದೆ ಹೋಗುತ್ತಾರೆ. ಕೊತ್ತಂಬರಿ ಸ್ತ್ರೀಲಿಂಗವೆಂದು ನೆನಪಾಗುವಷ್ಟರಲ್ಲಿ ತರಕಾರಿಯವಳು ಮುಂದಿನ ಓಣಿಯಲ್ಲಿರುತ್ತಾಳೆ.

ಈ ಸ್ಥಿತಿಯಲ್ಲಿರುವಾಗಲೇ ಖಾನಾಪುರದ ಹೊಲದ ಮೋಜಣಿ ಬಂತು. ಖಾನಾಪುರದಿಂದ ಜಾಂಬೋಟಿ ಕಡೆ ಹೋಗುವ ದಾರಿಯಲ್ಲಿ ಕಾಕಾಗೆ ಪಿತ್ರಾರ್ಜಿತ ಭತ್ತದ ಗದ್ದೆಯಿದೆ. ಪಕ್ಕದ್ದು ಒಬ್ಬ ಮರಾಠಿ ಅಜ್ಜನದು. ನಡುವೆ ಬದು, ಬದುವಿನ ಮೇಲೆ ಹಲಸಿನ ಮರ. ಮರ ಯಾರದು ಎಂಬುದು ಇಬ್ಬರ ಅಪ್ಪಂದಿರ ಕಾಲದಿಂದ ನಡೆದುಬಂದ ಮಾತು. ಹಣ್ಣು ಯಾರದು ಎಂಬುದರಲ್ಲಿ ತಂಟೆಯಿಲ್ಲ, ಅದು ಮಂಗಗಳದು.

ಬೆಳಿಗ್ಗೆಯ ಪ್ಯಾಸೆಂಜರ್ ರೈಲು ಹಿಡಿದೆವು. ದೇಸೂರು ದಾಟುವವರೆಗೆ ಕಾಕಾ ಸುಮ್ಮನಿದ್ದರು. ಇದಲಹೊಂಡದ ಹೊತ್ತಿಗೆ ಖಾನಾಪುರದ ಶಾಲೆಗಳಿಗೆ ಹೊರಟಿದ್ದ ಇಬ್ಬರು ಮಾಸ್ತರರಿಗೆ ಸ್ಪ್ಯಾನಿಷಿನಲ್ಲಿ ಒಂದರಿಂದ ಹತ್ತು ಕಲಿಸಿದ್ದರು. ಮಾಸ್ತರರಿಗೆ ಅಂದು ಸಿಕ್ಕ ಬಿಡುವು ಅಷ್ಟೇ ಇತ್ತು, ಪಾಪ, ಅದೂ ಹೋಯಿತು.

ಹೊಲದಲ್ಲಿ ಸರ್ವೇಯರ್ ಆಗಲೇ ನಕಾಶೆ ಹರಡಿಕೊಂಡು ನಿಂತಿದ್ದರು. ಅಜ್ಜ ಟ್ರಂಕಿನಿಂದ ಒಂದು ಹಳೇ ಕಾಗದ ತಂದಿದ್ದ. ಮೋಡಿ ಲಿಪಿಯದು. ಈ ಭಾಗದ ಹಳೇ ದಸ್ತಾವೇಜುಗಳು ಎಷ್ಟೋ ಮೋಡಿಯಲ್ಲಿವೆ. ಆಡಳಿತದಲ್ಲಿ ಅದರ ಬಳಕೆ ನಿಂತು ದಶಕಗಳೇ ಕಳೆದವು, ಓದುವವರು ಅಪರೂಪ. ಸರ್ವೇಯರ್ ಕೈ ಚೆಲ್ಲಿದರು. ಕಾಕಾ ಮುಂದೆ ಬಂದರು. "ನಾ ಮೋಡಿ ಕಲ್ತೇನಿ" ಎಂದರು. ಸುಳ್ಳಲ್ಲ, ನೋಟುಬುಕ್ಕು ನಾನೇ ನೋಡಿದ್ದೇನೆ. ಮೋಡಿಯಲ್ಲಿ ಮೊದಲು ಪುಟದ ಈ ಅಂಚಿನಿಂದ ಆ ಅಂಚಿಗೆ ತಲೆಗೆರೆ ಎಳೆದು, ಆಮೇಲೆ ಪೆನ್ನು ಎತ್ತದೆ ಅಕ್ಷರಗಳನ್ನು ಅದಕ್ಕೆ ನೇತುಹಾಕುತ್ತ ಹೋಗಬೇಕು. ಪದಗಳ ನಡುವೆ ಜಾಗ ಬಿಡುವಂತಿಲ್ಲ, ಇಕಾರ ಉಕಾರಗಳಿಗೆ ಹ್ರಸ್ವ ದೀರ್ಘದ ಭೇದವಿಲ್ಲ. ಕಾಕಾನ ಮೊದಲ ಪಾಠ ಗೆರೆ ಎಳೆಯುವುದರಲ್ಲೇ ಸಂಪನ್ನವಾಗಿತ್ತು. ಎಂಟು ಪುಟ, ಬರೀ ಗೆರೆ.

ಕನ್ನಡಕ ಏರಿಸಿ ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಿಸಿಲಿಗೆ ತಿರುಗಿಸಿದರು. ಸರ್ವೇಯರ್ ಪೆನ್ನು ಹಿಡಿದು ಕಾದರು. ಅಜ್ಜ ಟೋಪಿ ತೆಗೆದು ಕಾದ.

"ಗೆರಿ ಭಾಳ ಛಲೋ ಹೊಡದಾರ" ಎಂದರು ಕಾಕಾ.

ಕಾಗದ ಅಜ್ಜನ ಕೈಗೆ ಮರಳಿತು. ಕಾಕಾ ಈಗ ನೇರ ಮಾತಿಗಿಳಿದರು, ಅದೂ ಶುದ್ಧ ಮರಾಠಿಯಲ್ಲಿ. "ಹೇ... ಮಾಝೇ ಶೇತ ಆಹೇ. ತೇ... ತುಮಚೇ ಶೇತ ಆಹೇ." ಇದು ನನ್ನ ಹೊಲ, ಅದು ನಿಮ್ಮ ಹೊಲ. ಮೊದಲ ಪಾಠದ ಮೂರನೆಯ ದಿನ ಇಷ್ಟು ನೇರವಾಗಿ ಯಾರ ಕೆಲಸಕ್ಕೂ ಬಂದಿರಲಿಕ್ಕಿಲ್ಲ. ಸರ್ವೇಯರ್ ತಲೆಯಾಡಿಸಿದರು. ಮುಂದೆ ಮರಕ್ಕೆ ಬಂದಾಗ ಕಾಕಾ ಸಿಕ್ಕಿಬಿದ್ದರು. ಹಲಸು, ಅಂದರೆ ಫಣಸ, ಪುಲ್ಲಿಂಗ. ಮರ, ಅಂದರೆ ಝಾಡ, ನಪುಂಸಕ. ತಮ್ಮ ಕಡೆ ಚಾಚಿದ ಕೊಂಬೆ, ಫಾಂದಿ, ಸ್ತ್ರೀಲಿಂಗ. ಒಂದೇ ಮರದಲ್ಲಿ ಮೂರೂ. ತಕರಾರು ಕೊಂಬೆಯದಾದರೆ ಒಂದು ಪ್ರತ್ಯಯ, ಮರದ್ದಾದರೆ ಇನ್ನೊಂದು. ಕಾಕಾ ಬೆರಳು ಎತ್ತಿದವರು ಎತ್ತಿದ ಹಾಗೆಯೇ ನಿಂತರು. ಅಜ್ಜ ಬೈಯಲು ಸಿದ್ಧನಾಗಿ ಬಂದಿದ್ದ. ಆದರೆ ಎದುರಿನವರ ವಾಕ್ಯ ಮುಗಿಯದೆ ಬೈಯುವುದು ಹೇಗೆ? ಸರ್ವೇಯರ್ ಗಡಿಯಾರ ನೋಡಿದರು. ಕಾಕಾಗೆ ಮುಂದಿನ ವಾಕ್ಯ ಸಿಗಲಿಲ್ಲ; ಕಂಠಪಾಠವಾಗಿದ್ದದ್ದು ನಾಲಗೆಗೆ ಬಂತು.

"ತುಮಚೇ ನಾವ ಕಾಯ?"

ನಲವತ್ತು ವರ್ಷದ ನೆರೆಯವನಿಗೆ ನಿಮ್ಮ ಹೆಸರೇನು ಎಂದು ಕೇಳಿದ್ದರು. ಅಜ್ಜ ನನ್ನನ್ನು ಒಂದು ಬದಿಗೆ ಕರೆದೊಯ್ದ. ದನಿ ತಗ್ಗಿಸಿ, ಒಂದಿಷ್ಟೂ ತಡವರಿಸದ ಕನ್ನಡದಲ್ಲಿ ಕೇಳಿದ: "ಸಾಹೇಬ್ರಿಗೆ ಏನಾತ್ರೀ? ಮೊದಲ ಎಷ್ಟ ಚಂದ ಮರಾಠಿ ಮಾತಾಡತಿದ್ರು! ಅವರ ಲಗ್ನದಾಗ ನಾನs ಅನ್ನಾ ಬಡಸೇನಿ. ಈಗ ನನ್ನ ಹೆಸರs ಮರತಾರ, ಮಾತು ತೊದಲತಾವ. ಲಕ್ವಾ ಹೊಡೀತೇನು? ದೊಡ್ಡ ದವಾಖಾನಿಗೆ ತೋರ್ಸೀರಿಲ್ಲ?"

ಲಕ್ವಾ ಅಲ್ಲ, ವ್ಯಾಕರಣ ಎಂದೆ. ಅಜ್ಜ "ಶಿವಾ ಶಿವಾ" ಎಂದ. ಕೂಡಲೇ ಹೋಗಿ ಕಾಕಾನ ಕೈ ಹಿಡಿದು ನೆರಳಿಗೆ ಕೂರಿಸಿ, ತಂಬಿಗೆಯ ನೀರು ಕೊಟ್ಟು, ಮರದ ಮಾತು ಈ ವರ್ಷ ಎತ್ತುವುದಿಲ್ಲ, ಮೊದಲು ಆರಾಮಾಗಲಿ ಎಂದುಬಿಟ್ಟ. ಸರ್ವೇಯರ್ "ಉಭಯ ಪಕ್ಷಗಳ ಸಮ್ಮತಿಯ ಮೇರೆಗೆ ಮುಂದೂಡಿದೆ" ಎಂದು ಬರೆದುಕೊಂಡು ಮೋಟರ್ ಸೈಕಲ್ ಹತ್ತಿದರು. ಕಾಕಾ ಇದನ್ನು ತಮ್ಮ ಮರಾಠಿಗೆ ಸಿಕ್ಕ ಜಯವೆಂದೇ ತಿಳಿದರು. ಮರಳುವ ರೈಲಿನಲ್ಲಿ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತ ಕೂತಿದ್ದವರು, ಒಮ್ಮೆಲೆ ನನ್ನ ಕಡೆ ತಿರುಗಿ ಹೇಳಿದರು: "ಅಜ್ಜನ ಕನ್ನಡಾ ಕೇಳಿದೇನು? ಎಷ್ಟು ಸ್ವಚ್ಛ ಐತಿ! ನಮಗ ಬರತೈತಿ ಅಂತ ಅನ್ಕೊಂಡೇವಿ, ಅಷ್ಟs. ಒಂದಿನಾ ಕುಂತು ಪದ್ಧತಶೀರ ಕಲ್ತೇವೇನು?"

ಗುರುವಾರ ನಾನು ಅವರ ಮನೆಗೆ ಹೋದಾಗ ಮೇಜಿನ ಮೇಲೆ ಹೊಸ ನೋಟುಬುಕ್ಕು, ಹೊಸ ಪೆನ್ನು, ಪಕ್ಕದಲ್ಲಿ ಕೇಶಿರಾಜನ ಶಬ್ದಮಣಿದರ್ಪಣ. ಹೊದಿಕೆ ಹಾಕಿಯಾಗಿತ್ತು. ಲೇಬಲ್ಲಿನ ಮೇಲೆ "ಕನ್ನಡ" ಎಂದು ಬರೆದು ಮಸಿ ಒಣಗಲು ಬಿಟ್ಟಿದ್ದರು. ಕಾಕೂ ಒಳಗಿನಿಂದ ಚಹಾ ತಂದವರು ಲೇಬಲ್ ಓದಿದರು, ಕಪ್ಪು ಬಸಿಯನ್ನು ಅಲ್ಲೇ ಕುಕ್ಕಿ ನೋಟುಬುಕ್ಕನ್ನು ಸೆರಗಿನ ಕೆಳಗೆ ಸೇರಿಸಿದರು.

"ಬ್ಯಾಡ್ರೀ, ಕೈ ಮುಗೀತೇನಿ, ಇದೊಂದು ಬ್ಯಾಡ. ಮನ್ಯಾಗ ಮಾತಾಡಾಕ ಒಂದರೆ ಭಾಷಾ ಉಳೀಲಿ."